ವಿಯೆಟ್ನಾಂ ಕಾಲದ ಯುದ್ಧನೌಕೆಯ ಡೆಕ್ ಲಾಗ್ ಓದೋದು ಹೇಗೆ?

ಹಾಸನದ ಹೈದ:
ನಾನಿರೋದು ಸ್ಯಾನ್ ಡಿಯೇಗೋದಲ್ಲಿ. ಪಕ್ಕದ ಮನೆಯ ಅಜ್ಜ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ನೌಕಾಪಡೆಯ ಒಂದು ಡೆಸ್ಟ್ರಾಯರ್‌ನಲ್ಲಿದ್ದರು. ಈಗ ಸಕ್ಕರೆ ಕಾಯಿಲೆ, ಏಜೆಂಟ್ ಆರೆಂಜ್ (ಆ ಯುದ್ಧದಲ್ಲಿ ಅಮೆರಿಕ ಸಿಂಪಡಿಸಿದ ಗಿಡ ಒಣಗಿಸೋ ವಿಷ) ಪರಿಹಾರಕ್ಕೆ ಅರ್ಜಿ ಹಾಕಬೇಕು ಅಂತಿದ್ದಾರೆ. ಅವರಿಗೆ ಕಂಪ್ಯೂಟರ್ ಅಂದ್ರೆ ಆಗಲ್ಲ, ಅದಕ್ಕೇ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟಿನಿಂದ ಅವರ ನೌಕೆಯ ಡೆಕ್ ಲಾಗ್ ನಾನೇ ಇಳಿಸಿಕೊಟ್ಟೆ. ರಾಶಿ ಪುಟ ಇದೆ. ‘ಮೊದಲಿನಂತೆಯೇ ಸಾಗುತ್ತಿದ್ದೇವೆ’ ಅಂತ ಶುರುವಾಗುತ್ತೆ, ಆಮೇಲೆ ಬರೀ ದಿಕ್ಕು ಬದಲಾಯಿತು, ವೇಗ ಬದಲಾಯಿತು, ಇಷ್ಟೇ. ಯಾಕೆ ಹೋದರು, ಏನು ಮಾಡಿದರು ಒಂದೂ ಇಲ್ಲ. ಅಜ್ಜನ ಹೆಸರಂತೂ ಎಲ್ಲೂ ಕಾಣ್ತಿಲ್ಲ. ಇದರಲ್ಲಿ ಏನು ಹುಡುಕಬೇಕು? ಗೊತ್ತಿರೋರು ಹೇಳಿ.

ಕಾರವಾರದ ಮಾಜಿ ನಾವಿಕ:
ತಮ್ಮಾ, ಡೆಕ್ ಲಾಗ್ ಅಂದ್ರೆ ಡೈರಿ ಅಲ್ಲ. ಒಂದೊಂದು ಪಾಳಿ ಮುಗಿದಾಗಲೂ ಆ ಪಾಳಿಯ ಅಧಿಕಾರಿ ಸಹಿ ಹಾಕೋ ಲೆಕ್ಕದ ಪುಸ್ತಕ. ಪಾಳಿ ನಾಲ್ಕು ಗಂಟೆಯದು, ಸಂಜೆ 4ರಿಂದ 8ರದ್ದು ಮಾತ್ರ ಎರಡು ಚೂರು. ಇಲ್ಲಾಂದ್ರೆ ದಿನಾ ಒಬ್ಬನಿಗೇ ನಡುರಾತ್ರಿ ಡ್ಯೂಟಿ ಬೀಳುತ್ತೆ. ಬರೆದದ್ದನ್ನು ಅಳಿಸೋ ಹಾಗಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಕೆಳಗಿನ ಅಕ್ಷರ ಓದೋಕೆ ಬರೋ ಹಾಗೆ ಬಿಟ್ಟು, ಪಕ್ಕದಲ್ಲಿ ಇನಿಷಿಯಲ್ ಹಾಕಬೇಕು. ನಮ್ಮ ನೇವಿಯಲ್ಲೂ ಹಾಗೇ.

ಹೆಸರು ಇಲ್ಲ ಅಂತ ಬೇಜಾರು ಬೇಡ, ಅಜ್ಜ ಒಳ್ಳೆ ನಾವಿಕ ಅಂತ ಅರ್ಥ! ಸಾಮಾನ್ಯ ನಾವಿಕನ ಹೆಸರು ಅದರಲ್ಲಿ ಬರೋದು ರಜೆ ಮುಗಿದರೂ ವಾಪಸ್ ಬರದಿದ್ದಾಗ, ಬಿದ್ದು ಪೆಟ್ಟಾದಾಗ, ಇಲ್ಲವೇ ಕ್ಯಾಪ್ಟನ್ ಮುಂದೆ ನಿಲ್ಲಿಸಿ ಶಿಕ್ಷೆ ಕೊಟ್ಟಾಗ.

ದಾಖಲೆ ಹುಚ್ಚಿ:
ನಿಮಗೆ ಬೇಕಿರೋದು ಯುದ್ಧದ ಕಥೆ ಅಲ್ಲ, ನೌಕೆ ಎಲ್ಲಿತ್ತು ಅನ್ನೋದು. ಮೊದಲೆಲ್ಲ ವಿಯೆಟ್ನಾಂ ನೆಲದ ಮೇಲೆ ಕಾಲಿಟ್ಟವರಿಗೆ, ಇಲ್ಲವೇ ಒಳನಾಡಿನ ನದಿಗಳಲ್ಲಿ ಓಡಾಡಿದವರಿಗೆ ಮಾತ್ರ ಈ ಸವಲತ್ತು ಸುಲಭವಾಗಿ ಸಿಗ್ತಿತ್ತು. 2019ರ ಬ್ಲೂ ವಾಟರ್ ನೇವಿ ಕಾಯ್ದೆ ಬಂದ ಮೇಲೆ 12 ನಾಟಿಕಲ್ ಮೈಲಿಯ ಒಳಗಿನ ಸಮುದ್ರವೂ ಸೇರಿತು. ಜನವರಿ 9, 1962ರಿಂದ ಮೇ 7, 1975ರ ನಡುವೆ ಅಲ್ಲಿದ್ದಿರಬೇಕು. ಒಂದು ಎಚ್ಚರಿಕೆ: ಆ 12 ಮೈಲಿಯನ್ನು ದಡದಿಂದ ಅಳೆಯಬೇಡಿ. ಕಾಯ್ದೆಯಲ್ಲೇ ಅಕ್ಷಾಂಶ ರೇಖಾಂಶ ಕೊಟ್ಟು ಒಂದು ಗಡಿ ಗೆರೆ ಹೇಳಿದ್ದಾರೆ, ಲೆಕ್ಕ ಅಲ್ಲಿಂದ. ಕೆಲವು ಕಡೆ ಆ ಗೆರೆ ದಡದಿಂದ ಸುಮಾರು ದೂರ ಇದೆ.

ಲಾಗ್‌ನಲ್ಲಿ ಬೆಳಿಗ್ಗೆ 8, ಮಧ್ಯಾಹ್ನ 12, ರಾತ್ರಿ 8ರ ಸ್ಥಾನ ಬರೆದಿರ್ತಾರೆ. ಮೊದಲು ಅವನ್ನಷ್ಟೇ ನೋಡ್ಕೊಂಡು ಹೋಗಿ, ಉಳಿದದ್ದು ಆಮೇಲೆ. ಡೆಸ್ಟ್ರಾಯರ್ ಅಂದ್ರಲ್ಲ, ಅವು ಎರಡು ಥರದ ಕೆಲಸ ಮಾಡ್ತಿದ್ದವು. ಯಾಂಕಿ ಸ್ಟೇಷನ್ ಅನ್ನೋ ಸಮುದ್ರದ ಜಾಗದಲ್ಲಿ ವಿಮಾನವಾಹಕ ನೌಕೆಯ ಹಿಂದೆ ಸುತ್ತುತ್ತಿದ್ದ ದಿನಗಳು ಉಪಯೋಗಕ್ಕೆ ಬರೋಲ್ಲ, ಅದು ತುಂಬಾ ಹೊರಗೆ. ದಡದ ಮೇಲೆ ಫಿರಂಗಿ ಹಾರಿಸೋಕೆ ಹತ್ತಿರ ಬಂದ ದಿನಗಳು ಬೇಕು. ಐದು ಇಂಚಿನ ಗುಂಡು ಇಷ್ಟು ಖರ್ಚಾಯಿತು ಅಂತ ಬರೆದ ಸಾಲು ಸಿಕ್ಕಿದರೆ ಆ ಪುಟ ತೆಗೆದಿಡಿ. ಐದು ಇಂಚಿನ ಫಿರಂಗಿ ಹತ್ತಾರು ಮೈಲಿ ಹೊಡೆಯೋಲ್ಲ, ಅಲ್ವಾ?

ಹಾಸನದ ಹೈದ:
ಸಿಕ್ತು! ಗುಂಡಿನ ಲೆಕ್ಕ ಇರೋ ಪುಟಗಳು ಸಾಲಾಗಿ ಇವೆ. ಇನ್ನೊಂದು ವಿಚಿತ್ರ: ಜನವರಿ 1ರ ಪುಟದಲ್ಲಿ ಪ್ರಾಸ ಹಾಕಿ ಪದ್ಯ ಬರೆದಿದ್ದಾರೆ. ಸರ್ಕಾರಿ ಪುಸ್ತಕದಲ್ಲಿ ಯಾರೋ ತಮಾಷೆ ಮಾಡಿದ್ದಾ?

ಕಾರವಾರದ ಮಾಜಿ ನಾವಿಕ:
ತಮಾಷೆ ಅಲ್ಲ, ಅಮೆರಿಕ ನೌಕಾಪಡೆಯ ಹಳೇ ಸಂಪ್ರದಾಯ. ಹೊಸ ವರ್ಷದ ಮೊದಲ ಪಾಳಿಯ ದಾಖಲೆಯನ್ನು ಪದ್ಯದಲ್ಲಿ ಬರೀಬಹುದು. ಆದರೆ ನೌಕೆ ಎಲ್ಲಿದೆ, ಯಾವ ಬಾಯ್ಲರ್ ಉರೀತಿದೆ, ಯಾರ ಕೈಕೆಳಗಿದೆ ಅನ್ನೋದೆಲ್ಲ ಬರಲೇಬೇಕು. ಬಾಯ್ಲರ್ ನಂಬರಿಗೆ ಪ್ರಾಸ ಹುಡುಕೋ ಕಷ್ಟ ಆ ನಡುರಾತ್ರಿ ಡ್ಯೂಟಿಯವನಿಗೇ ಗೊತ್ತು.

ದಾಖಲೆ ಹುಚ್ಚಿ:
ಗುಂಡಿನ ಪುಟ ಸಿಕ್ಕಿದ ಮಾತ್ರಕ್ಕೆ ಮುಗಿಯಲಿಲ್ಲ. ನೌಕೆ ಅಲ್ಲಿತ್ತು ಅಂತಾಯ್ತು, ಅಜ್ಜ ಆ ದಿನ ನೌಕೆಯಲ್ಲಿದ್ದರು ಅನ್ನೋದಕ್ಕೆ ಬೇರೆ ಕಾಗದ ಬೇಕು. ಮನೆಯಲ್ಲಿ ಡಿಡಿ 214 ಇದೆಯಾ ಕೇಳಿ, ಸೇನೆ ಬಿಡುವಾಗ ಎಲ್ಲರಿಗೂ ಕೊಟ್ಟಿರ್ತಾರೆ. ಆದರೆ ಅದರಲ್ಲಿ ಯಾವ ನೌಕೆಯಲ್ಲಿ ಯಾವಾಗಿಂದ ಯಾವಾಗಿನವರೆಗೆ ಅಂತ ಪೂರ್ತಿ ಇರೋಲ್ಲ, ಅದಕ್ಕೆ ಸೇಂಟ್ ಲೂಯಿಸ್‌ನ ಸಿಬ್ಬಂದಿ ದಾಖಲೆ ಕೇಂದ್ರದಿಂದ ಸರ್ವಿಸ್ ಫೈಲ್ ತರಿಸಿ. 1973ರಲ್ಲಿ ಅಲ್ಲಿ ದೊಡ್ಡ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಫೈಲ್ ಸುಟ್ಟವು, ಆದರೆ ಅವು ಭೂಸೇನೆ ಮತ್ತು ವಾಯುಸೇನೆಯವು. ನೌಕಾಪಡೆಯದು ಉಳೀತು.

ಕಾರವಾರದ ಮಾಜಿ ನಾವಿಕ:
ನಮ್ಮಲ್ಲೂ ಸರ್ವಿಸ್ ದಾಖಲೆ ನೋಡಿಕೊಳ್ಳೋ ಕಚೇರಿ ಬೇರೆ, ನಾವಿಕರದ್ದು ಮುಂಬೈನ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ಅರ್ಜಿಗೆ ಸುಮ್ನೆ ಇಡೀ ಲಾಗ್ ಸೇರಿಸಬೇಡಿ, ಯಾರೂ ಓದೋಲ್ಲ. ಗುಂಡಿನ ಸಾಲು ಇರೋ ಪುಟ, ಅದೇ ದಿನದ ಸ್ಥಾನ ಇರೋ ಪುಟ, ಅಜ್ಜನ ಸರ್ವಿಸ್ ಫೈಲ್‌ನಲ್ಲಿ ಆ ನೌಕೆಯ ಹೆಸರಿರೋ ಹಾಳೆ, ಇಷ್ಟು ಸಾಕು.