ನಳಕ್ಕೆ ನೀರು ಬಂದಾಗ, ಅವ್ವ ಗುಳಿಗೆ ಮರೆತಾಗ ಫೋನಿಗೆ ಗೊತ್ತಾಗಬೇಕು, ದಾರಿ ಇದೆಯಾ?

ಹಳೇಹುಬ್ಬಳ್ಳಿ_ಓಣಿ

ಎಲ್ಲರಿಗೂ ನಮಸ್ಕಾರ. ಮನೆ ಹಳೇ ಹುಬ್ಬಳ್ಳಿ, ಕೆಲಸ ಧಾರವಾಡ, ದಿನಾ ಚಿಗರಿ ಬಸ್ಸಲ್ಲಿ ಓಡಾಟ. ಮನೆಯಲ್ಲಿ ಹಗಲೆಲ್ಲ ಅವ್ವ ಒಬ್ಬಳೇ.

ತೊಂದರೆ ಏನಂದ್ರೆ, ಫೋನಿನ ಅಲಾರಂಗೆ ಗಡಿಯಾರ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅವ್ವನ ಬಿಪಿ ಗುಳಿಗೆಗೆ ಅಂತ ರಾತ್ರಿ ಎಂಟಕ್ಕೆ ಇಟ್ಟಿದ್ದೇನೆ, ಆ ಹೊತ್ತಿಗೆ ಅವಳ ಕೈ ಜೋಳದ ಹಿಟ್ಟಲ್ಲಿ ಇರುತ್ತದೆ. ಮೊಣಕೈಯಿಂದ ಬಂದ್ ಮಾಡಿ ರೊಟ್ಟಿ ಬಡಿಯೋಕೆ ಶುರು, ಆಮೇಲೆ ಮರೆತೇ ಹೋಗುತ್ತದೆ. ನಮ್ಮ ಓಣಿಗೆ ನಳದ ನೀರು ಐದಾರು ದಿನಕ್ಕೊಮ್ಮೆ, ಅದೂ ಇಂಥ ಹೊತ್ತಿಗೆ ಅಂತ ಇಲ್ಲ, ಇದಕ್ಕೆ ಅಲಾರಂ ಇಡೋದಾದರೂ ಯಾವಾಗ? ಇನ್ನೊಂದು ನನ್ನದೇ ತಪ್ಪು. ದುರ್ಗದಬೈಲ್ ಪೇಟೆಯಲ್ಲಿ ಏನೋ ತರಬೇಕಿತ್ತು ಅನ್ನೋದು ಮನೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೆನಪಾಗುತ್ತದೆ.

ಮನೆಯಲ್ಲಿ ವೈಫೈ ಇದೆ, ಒಂದು ಹಳೇ ಆಂಡ್ರಾಯ್ಡ್ ಫೋನ್ ಸುಮ್ನೆ ಬಿದ್ದಿದೆ. ಬೆಸುಗೆ ಹಾಕೋದು ಅಷ್ಟಿಷ್ಟು ಬರುತ್ತದೆ. ಕ್ಯಾಮೆರಾ ಮಾತ್ರ ಬೇಡ, ಅವ್ವ ಮೊದಲೇ ಹೇಳಿಬಿಟ್ಟಿದ್ದಾಳೆ.

ಬೆಟಗೇರಿ_ತಂತಿ

ಅಣ್ಣಾ, ನೀರಿನ ಕಥೆ ನಮ್ಮ ಗದಗ-ಬೆಟಗೇರಿಯಲ್ಲಿ ಕೇಳಲೇಬೇಡಿ. ನಾನು ಮೊದಲು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಪೈಪಿಗೆ ನೀರಿನ ಹರಿವು ಅಳೆಯೋ ಸೆನ್ಸರ್ ಹಾಕಿದೆ, ಒಳಗೆ ಪುಟ್ಟ ಚಕ್ರ ತಿರುಗುತ್ತದಲ್ಲ, ಅದು. ಎರಡು ಸಲ ಫೋನ್ ಹೊಡಕೊಂಡಿತು, ಹೋಗಿ ನೋಡಿದರೆ ಹನಿ ನೀರಿಲ್ಲ. ಎಷ್ಟೋ ದಿನ ಖಾಲಿ ಇದ್ದ ಪೈಪಿಗೆ ನೀರು ಬಿಟ್ಟಾಗ ಮೊದಲು ಬರೋದು ಗಾಳಿ. ಬುಸ್ ಅನ್ನೋ ಆ ಗಾಳಿಗೇ ಚಕ್ರ ತಿರುಗಿಬಿಡುತ್ತದೆ.

ಆಮೇಲೆ ಎರಡು ತಂತಿ ಬಿಟ್ಟು ನೋಡಿದೆ, ನೀರು ತಾಗಿದರೆ ಕರೆಂಟ್ ಹರಿಯಲಿ ಅಂತ. ಕೆಲಸ ಮಾಡಿತು, ಆದರೆ ಸದಾ ಡಿಸಿ ಕೊಟ್ಟು ಇಟ್ಟಿದ್ದರಿಂದ ತಂತಿಯ ತುದಿ ಹಸಿರಾಗಿ ತಿಂದುಹೋಯಿತು. ಕೊನೆಗೆ ಫ್ಲೋಟ್ ಸ್ವಿಚ್ಚೇ ಗತಿ. ನಳದ ಕೆಳಗೆ ಒಂದು ಸಣ್ಣ ಡಬ್ಬಿ, ತಳದಲ್ಲಿ ಸೂಜಿಯಷ್ಟು ತೂತು, ಒಳಗೆ ಫ್ಲೋಟ್. ನೀರು ಬಿದ್ದರೆ ತೇಲುತ್ತದೆ, ನಿಂತರೆ ತೂತಿಂದ ಸೋರಿ ತಾನೇ ಇಳಿಯುತ್ತದೆ. ಅದನ್ನ ಇಎಸ್‌ಪಿ8266 ಅನ್ನೋ ಸಣ್ಣ ವೈಫೈ ಬೋರ್ಡಿಗೆ ಕೊಟ್ಟಿದ್ದೇನೆ, ಫೋನಿಗೆ ಸಂದೇಶ ಕಳಿಸೋದು ಅದೇ. ಇದು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ, ರೌಟರಿನಲ್ಲಿ 5 ಮಾತ್ರ ಇಟ್ಟಿದ್ದರೆ ಬದಲಿಸಿ. ರೌಟರಿಗೆ ಒಂದು ಸಣ್ಣ ಯುಪಿಎಸ್ ಹಾಕಿ, ಬೋರ್ಡಿಗೂ ಅದರಿಂದಲೇ ಕರೆಂಟ್ ಕೊಡಿ. ಕರೆಂಟ್ ಹೋದಾಗಲೇ ನೀರು ಬರೋದು ನಮ್ಮ ಹಣೆಬರಹ ಅಲ್ವಾ.

ನಮ್ಮ ಅಜ್ಜಿ ನಳ ತೆರೆದಿಟ್ಟು ಕೆಳಗೆ ಖಾಲಿ ಸ್ಟೀಲ್ ಕೊಡ ಇಟ್ಟು ಮಲಗುತ್ತಿದ್ದಳು. ಸದ್ದಿಗೆ ಎಚ್ಚರ. ನಾನು ಮಾಡಿದ್ದೂ ಅದೇ, ಸ್ವಲ್ಪ ಖರ್ಚು ಜಾಸ್ತಿ.

ಉಣಕಲ್_ಕೆರೆ_ದಂಡೆ

ದುರ್ಗದಬೈಲ್ ಬಗ್ಗೆ. ಜಾಗ ನೋಡಿ ನೆನಪಿಸೋ ಆ್ಯಪ್ ಹಾಕಿಕೊಂಡು ಸರಿಯಾಗಿ ಅಲ್ಲೇ ಪಿನ್ ಇಟ್ಟರೆ ಮೋಸ ಹೋಗುತ್ತೀರಿ. ಬ್ಯಾಟರಿ ಉಳಿಸೋಕೆ ಫೋನ್ ಯಾವಾಗಲೂ ಜಿಪಿಎಸ್ ನೋಡುತ್ತಾ ಕೂರೋದಿಲ್ಲ. ಆಂಡ್ರಾಯ್ಡ್‌ನವರೇ ಹೇಳೋ ಪ್ರಕಾರ ಸುತ್ತ ಕನಿಷ್ಠ 100ರಿಂದ 150 ಮೀಟರ್ ಇಡಬೇಕು, ಅಷ್ಟಾದರೂ ಸುದ್ದಿ ಬರೋಕೆ ಎರಡು ಮೂರು ನಿಮಿಷ ಆಗಬಹುದು. ಬಸ್ಸು ಗಂಟೆಗೆ 30 ಕಿ.ಮೀ. ಹೋದರೂ ಎರಡು ನಿಮಿಷಕ್ಕೆ ಒಂದು ಕಿ.ಮೀ. ದಾಟಿತು.

ಅದಕ್ಕೆ ನಾನು ಗುರುತು ಇಟ್ಟಿರೋದು ಉಣಕಲ್ಲಲ್ಲಿ, ದೊಡ್ಡ ಸುತ್ತು, 500 ಮೀಟರ್. ಧಾರವಾಡದಿಂದ ಬರುವಾಗ ಅಲ್ಲಿ ಪಟ್ಟಿ ಬರುತ್ತದೆ, ಹುಬ್ಬಳ್ಳಿಯ ಸಿಬಿಟಿ ಬಸ್ ನಿಲ್ದಾಣದಲ್ಲಿ ಇಳಿಯೋ ಹೊತ್ತಿಗೆ ತಲೆಯಲ್ಲಿ ಇನ್ನೂ ಬಿಸಿಯಾಗಿರುತ್ತದೆ. ಸಂಜೆ ಐದರ ನಂತರ ಮಾತ್ರ ಅಂತ ಷರತ್ತು ಹಾಕಿ, ಇಲ್ಲದಿದ್ದರೆ ಬೆಳಗ್ಗೆ ಹೋಗುವಾಗಲೂ ಕೊತ್ತಂಬರಿ ಕೊತ್ತಂಬರಿ ಅನ್ನುತ್ತದೆ. ಆ್ಯಪ್‌ಗೆ ಬ್ಯಾಟರಿ ಕಡಿವಾಣ ತೆಗೆಯೋದು ಮರೀಬೇಡಿ.

ಹಾವೇರಿ_ಅಕ್ಕ

ತಮ್ಮಾ, ಗುಳಿಗೆ ವಿಷಯ ನಾನು ಅತ್ತೆಯವರಿಗೆ ಮಾಡಿದ್ದೇನೆ. ಡಬ್ಬಿ ಮೇಲೆ ಎನ್‌ಎಫ್‌ಸಿ ಸ್ಟಿಕರ್ ಅಂಟಿಸಿ, ಗುಳಿಗೆ ತಗೊಂಡಾಗ ಫೋನ್ ತಾಗಿಸಿ, ಫೋನ್ ಗುರುತು ಹಾಕಿಕೊಳ್ಳುತ್ತದೆ ಅಂತ ಒಬ್ಬರು ಹೇಳಿದ್ದರು. ಅಗ್ಗ, ಬ್ಯಾಟರಿಯೂ ಬೇಡ. ಆದರೆ ತಾಗಿಸೋದನ್ನ ನೆನಪಿಟ್ಟುಕೊಳ್ಳೋರಿಗೆ ಗುಳಿಗೆ ನೆನಪಿರೋದಿಲ್ವಾ?

ವಾರದ ಏಳು ಖಾನೆ ಇರೋ ಡಬ್ಬಿ ತಗೊಳ್ಳಿ, ಅದನ್ನ ಒಂದು ದೊಡ್ಡ ಡಬ್ಬಿಯಲ್ಲಿಟ್ಟು ಆ ಮುಚ್ಚಳಕ್ಕೆ ಬಾಗಿಲಿಗೆ ಹಾಕೋ ಮ್ಯಾಗ್ನೆಟ್ ಸೆನ್ಸರ್ ಅಂಟಿಸಿ. ಟಿವಿಗೆ ಕರೆಂಟ್ ಅಳೆಯೋ ಸ್ಮಾರ್ಟ್ ಪ್ಲಗ್. ಏಳರ ನಂತರ ಮುಚ್ಚಳ ತೆರೆದಿದ್ದರೆ ಏನೂ ಹೇಳಬಾರದು. ತೆರೆದಿಲ್ಲ, ಟಿವಿ ಹಚ್ಚಿ ಐದು ನಿಮಿಷ ಆಯಿತು ಅಂದರೆ ಊಟ ಮುಗಿಸಿ ಕೂತಿದ್ದಾರೆ, ಕೈ ಖಾಲಿ ಇದೆ ಅಂತ ಅರ್ಥ. ಆಗ ಹೇಳಬೇಕು. ಇದನ್ನೆಲ್ಲ ಹೋಮ್ ಅಸಿಸ್ಟೆಂಟ್ ಅಂತ ಮನೆಯ ಸೆನ್ಸರ್, ಪ್ಲಗ್ ಎಲ್ಲ ಒಟ್ಟಿಗೆ ನಡೆಸೋ ಸಾಫ್ಟ್‌ವೇರ್‌ನಲ್ಲಿ ಜೋಡಿಸಿ, ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲಿ ಇಟ್ಟಿದ್ದೇನೆ. ವೈಫೈ ಪ್ಲಗ್ ತಗೊಳ್ಳುವಾಗ ಮಾತ್ರ ಅದು ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದಾ ಅಂತ ಕೇಳಿ.

ಗೂಗಲ್ ದನಿ ಕನ್ನಡ ಓದುತ್ತದೆ, ಆದರೆ ಅತ್ತೆ ಅದನ್ನ ಟಿವಿ ಜಾಹೀರಾತು ಅಂದುಕೊಂಡರು. ಯಜಮಾನರ ದನಿ ರೆಕಾರ್ಡ್ ಮಾಡಿ ಹಾಕಿದೆ. ಆಗ "ಹೂಂ ತಗೋತೀನಪ್ಪಾ" ಅಂತ ಸ್ಪೀಕರಿಗೆ ಉತ್ತರ ಕೊಟ್ಟು ಕೂತೇ ಇದ್ದರು. ಮುಚ್ಚಳ ತೆರೆಯೋ ತನಕ ಹತ್ತು ನಿಮಿಷಕ್ಕೊಮ್ಮೆ, ಮೂರು ಸಲ, ಆಮೇಲೆ ನನ್ನ ಫೋನಿಗೆ. ಅಷ್ಟು ಸಾಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. "ಗುಳಿಗೆ ತಗೋ" ಅಂತ ರೆಕಾರ್ಡ್ ಮಾಡಬೇಡಿ, "ಡಬ್ಬಿ ನೋಡು" ಅನ್ನಿ. ಸೆನ್ಸರ್ ಬ್ಯಾಟರಿ ಮುಗಿದು ಸುಳ್ಳು ಹೇಳಿದರೆ ಎರಡನೇ ಸಲ ನುಂಗಿಬಿಡುತ್ತಾರೆ. ಮತ್ತೆ ಮುಚ್ಚಳ ತೆರೆದರು ಅಂದ ಮಾತ್ರಕ್ಕೆ ನುಂಗಿದರು ಅಂತಲ್ಲ, ಭಾನುವಾರ ಖಾನೆ ನೋಡೋದು ನಿಮ್ಮ ಕೆಲಸ.

ಹಳೇಹುಬ್ಬಳ್ಳಿ_ಓಣಿ

ಅಕ್ಕಾ, ಅಣ್ಣಂದಿರಾ, ಎರಡು ವಾರ ಆಯಿತು, ವರದಿ ಕೊಡುತ್ತಿದ್ದೇನೆ. ಉಣಕಲ್ ಉಪಾಯ ಮೊದಲ ದಿನವೇ ಕೆಲಸ ಮಾಡಿತು. ಗುಳಿಗೆ ಡಬ್ಬಿಯೂ ಸರಿ ಇದೆ, ಅವ್ವ ನನ್ನ ದನಿಗೆ ಬೈಯುತ್ತಾಳೆ, ಆದರೆ ಏಳುತ್ತಾಳೆ.

ನೀರು ಮೊನ್ನೆ ರಾತ್ರಿ ಮೂರೂಕಾಲಿಗೆ ಬಂತು. ಫ್ಲೋಟ್ ತೇಲಿದೆ, ಸಂದೇಶವೂ ಬಂದಿದೆ, ಫೋನ್ ಸೈಲೆಂಟಲ್ಲಿತ್ತು. ಅವ್ವ ಫ್ಲೋಟ್ ಡಬ್ಬಿಯನ್ನ ನಂಬದೆ ಪಕ್ಕದ ನಳಕ್ಕೆ ಕೊಡ ಇಟ್ಟಿದ್ದಳಂತೆ, ಅದರ ಸದ್ದಿಗೆ ಎದ್ದು ಬ್ಯಾರಲ್ ತುಂಬಿಸಿ ನನ್ನನ್ನ ಎಬ್ಬಿಸಿದಳು.

ಬೆಟಗೇರಿ_ತಂತಿ

ಹ್ಹಹ್ಹ. ಹೋಮ್ ಅಸಿಸ್ಟೆಂಟ್ ಆ್ಯಪ್‌ನಲ್ಲಿ ಆ ಒಂದು ಸಂದೇಶವನ್ನ ಅಲಾರಂ ಸದ್ದಿನಲ್ಲಿ ಬರೋ ಹಾಗೆ ಮಾಡಬಹುದು, ಸೈಲೆಂಟ್ ಇದ್ದರೂ ಹೊಡೆಯುತ್ತದೆ. ನೀರಿಗೆ ಮಾತ್ರ ಇಡಿ, ಕೊತ್ತಂಬರಿಗೆ ಬೇಡ. ಕೊಡವೂ ಇರಲಿ ಬಿಡಿ.