ಮನ್ಯಾಗ ಸಯನೋಟೈಪ್ ಶುರು ಮಾಡಬೇಕಂತೀನಿ, ಬೋರ್ ನೀರು ನಡೀತದೇನ್ರಿ?

ಮಾಳಿಗಿ_ಬಿಸಲು (ವಿಜಯಪುರ)
ನಮಸ್ಕಾರ್ರೀ. ಬಿಸಲಾಗ ನೀಲಿ ಪ್ರಿಂಟ್ ತಗೀತಾರಲ್ರೀ, ಆ ಸಯನೋಟೈಪ್ ಕಲೀಬೇಕಂತ ಭಾಳ ಆಸೆ ಆಗೇದ. ಮಗಳು ಆರನೇ ಇಯತ್ತೆ, ಆಕಿ ಆಗಲೇ ಬೇವಿನ ಎಲಿ ನುಗ್ಗಿ ಎಲಿ ಎಲ್ಲಾ ಪುಸ್ತಕದಾಗ ಇಟ್ಟು ಒಣಗಿಸ್ಕೊಂಡು ಕುಂತಾಳ. ಏನೇನು ತರಬೇಕು? ಕೆಮಿಕಲ್ ಹೆಸರಾಗ ಸಯನೈಡ್ ಅಂತ ಬರ್ತದ, ಹುಡುಗರಿರೂ ಮನ್ಯಾಗ ಇಡಬಹುದೇನು? ನಮ್ಮದು ಬೋರ್ ನೀರು, ಪೂರ್ತಿ ಸವಳು.

ನೀಲಿನಕ್ಷೆ_ಬಾಗಲಕೋಟಿ
ಎರಡ ಕೆಮಿಕಲ್ ರೀ. ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಮಿಲಿ ನೀರಾಗ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ ಇನ್ನೊಂದು 100 ಮಿಲಿಯಾಗ, ಬ್ಯಾರೆ ಬ್ಯಾರೆ ಕಂದು ಬಾಟ್ಲಿ. ಪೇಪರಿಗೆ ಹಚ್ಚೂ ಮುಂದಷ್ಟ ಎರಡೂ ಸಮಸಮ ಕೂಡಸ್ರಿ. 1842ರಾಗ ಜಾನ್ ಹರ್ಷೆಲ್ ಕಂಡುಹಿಡಿದ ಪದ್ಧತಿ ಇದು, ಮುಂದ ಎಂಜಿನಿಯರ್ ಮಂದಿ ಬ್ಲೂಪ್ರಿಂಟ್ ಅಂದ್ರ ನೀಲಿ ನಕ್ಷೆ ತಗದದ್ದೂ ಇದರಾಗನ.
ಇದರಾಗಿನ ಸಯನೈಡ್ ಕಬ್ಬಿಣದ ಜೋಡಿ ಗಟ್ಟಿ ಹಿಡಕೊಂಡಿರ್ತದ, ಅದಕ್ಕ ಬರೇ ಸಯನೈಡಿನಂಗ ವಿಷ ಅಲ್ಲ. ಆದ್ರ ಸಂಡಾಸ ತೊಳಿಯೂ ಆಸಿಡ್ ಹತ್ರ ಸುತಾ ತರಬ್ಯಾಡ್ರಿ, ಒಲಿ ಮ್ಯಾಲೆ ಕಾಸಬ್ಯಾಡ್ರಿ, ವಿಷದ ಗ್ಯಾಸ್ ಬರ್ತದ. ಅಡಗಿ ಸಾಮಾನು ಮುಟ್ಟಸಬ್ಯಾಡ್ರಿ. ಕೈಗೆ ಗ್ಲೌಸ್ ಹಾಕ್ಕೊಂಡು ಕಲಸೂದು ಹಚ್ಚೂದು ನೀವು ಮಾಡ್ರಿ, ಒಣಗಿದ ಪೇಪರ್ ಮ್ಯಾಲೆ ಎಲಿ ಜೋಡ್ಸೂದು ಮಗಳಿಗೆ ಬಿಡ್ರಿ.

ಸವಳನೀರು
ನಮ್ಮ ಕಡೆ ಬಿಸಲಿಗೇನು ಬರ ಇಲ್ಲ, ನೀರಂದ ನೋಡ್ಕೋಬೇಕು. ಈ ನೀಲಿಗೆ ಕ್ಷಾರ ಅಂದ್ರ ಆಗೂದಿಲ್ಲ, ಬೋರ್ ನೀರಾಗ ತೊಳದ್ರ ಬಣ್ಣ ತೆಳ್ಳಗಾಗಿ ಹೋಗ್ತದ. ದ್ರಾವಣಕ್ಕ ಡಿಸ್ಟಿಲ್ಡ್ ನೀರು ತರ್ರಿ. ತೊಳಿಯಾಕ ಫಿಲ್ಟರ್ ನೀರಿನ ಕ್ಯಾನ್ ಸಾಕು, ಬೋರ್ ನೀರ ಗತಿ ಅಂದ್ರ ಮೊದಲನೇ ಬುಟ್ಟಿಗೆ ಒಂದೀಟು ವಿನೆಗರ್ ಇಲ್ಲಾ ಲಿಂಬಿ ರಸ ಹಾಕ್ರಿ, ಇಷ್ಟು ಸೌಮ್ಯ ಹುಳಿ ನಡೀತದ. ಹಳದಿ ನೀರು ಬರೂದು ನಿಲ್ಲೂತನಕ ತೊಳೀರಿ. ಆಗಿಂದಾಗ ತಿಳಿ ಕಂಡ್ರೂ ಗಾಬರಿ ಆಗಬ್ಯಾಡ್ರಿ, ಒಣಗಿ ಒಂದಿನ ಕಳದ್ರ ಗಾಢ ಆಗ್ತದ. ಅರವಿ ಮ್ಯಾಲೆ ಮಾಡಿದ್ರ ವಾಷಿಂಗ್ ಸೋಡಾ ಮುಟ್ಟಸಬ್ಯಾಡ್ರಿ, ನೀಲಿ ಹೋಗಿ ಹಳದಿ ಆಗ್ತದ.

ಮಾಳಿಗಿ_ಬಿಸಲು
ಭಾಳ ಉಪಕಾರ್ರೀ. ಬಿಸಲಾಗ ಎಷ್ಟೊತ್ತು ಇಡಬೇಕು?

ನೀಲಿನಕ್ಷೆ_ಬಾಗಲಕೋಟಿ
ಬ್ಯಾಸಗಿ ಮಧ್ಯಾಹ್ನ ಐದರಿಂದ ಹತ್ತು ನಿಮಿಷ, ಆದ್ರ ಗಡಿಯಾರಕಿಂತ ಬಣ್ಣ ನೋಡ್ರಿ. ಹಳದಿ-ಹಸಿರು ಇದ್ದದ್ದು ನೀಲಿಗೆ ತಿರುಗಿ, ಆಮ್ಯಾಲೆ ಬೂದಿ ಬಣ್ಣಕ್ಕ ಬಂತಂದ್ರ ತಗೀರಿ. ಪೇಪರ್ ದಪ್ಪ ವಾಟರ್ ಕಲರ್ ಪೇಪರ್, ಹಚ್ಚಿದ ಮ್ಯಾಲೆ ಕತ್ತಲ ಕೋಣ್ಯಾಗ ಪೂರ್ತಿ ಒಣಗಬೇಕು. ಮಾಳಿಗಿ ಮ್ಯಾಲೆ ಗಾಳಿ ಇರ್ತದ, ಫೋಟೋ ಫ್ರೇಮಿನ ಗಾಜು ಇಟ್ಟು ನಾಲ್ಕೂ ಕಡೆ ಕ್ಲಿಪ್ ಹಾಕ್ರಿ, ಎಲಿ ಒಂದೀಟು ಎದ್ದಿತ್ತಂದ್ರ ಅಂಚು ಮಸಕ ಬರ್ತದ. ನುಗ್ಗಿ ಎಲಿ ಸಣ್ಣವು ನೋಡ್ರಿ, ಗಾಜಿನ ಕೆಳಗ ಭಾಳ ಚಂದ ಕೂಡ್ತಾವ. ಆಮ್ಯಾಲೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳಿ) ಮ್ಯಾಲೆ ಗೋಲಗುಮ್ಮಟದ ಫೋಟೋ ನೆಗೆಟಿವ್ ಮಾಡಿ ಪ್ರಿಂಟ್ ಹೊಡಿಸ್ಕೊಂಡು ಬರ್ರಿ, ಅದನ್ನೂ ಹಿಂಗ ತಗೀಬಹುದು.