ಪದಚರ್ಚೆ: ‘ಫ್ಲಿಪ್ಡ್ ಕ್ಲಾಸ್‌ರೂಂ’ಗೆ ಕನ್ನಡ ಬೇಕು, ಪೇಂಟರ್ ಕಾಯುತ್ತಿದ್ದಾರೆ

ಕೊಪ್ಪಳ ಮೇಡಂ ಬರೆದರು:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಅರ್ಜೆಂಟಾಗಿ ಒಂದು ಪದ ಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವುದಿದೆ. ವಿದ್ಯಾರ್ಥಿ ಕೇಂದ್ರಿತ ಬೋಧನೆಗೆ ಏನು ಮಾಡಿದ್ದೀರಿ ಅಂತ ಅವರು ಕೇಳುತ್ತಾರೆ, ಗೊತ್ತಲ್ಲ. ನಾವು ಒಂದು ಕೋಣೆಯನ್ನು ಫ್ಲಿಪ್ಡ್ ಕ್ಲಾಸ್‌ರೂಂಗೆ ಅಂತಲೇ ಬಿಟ್ಟುಕೊಟ್ಟಿದ್ದೇವೆ. ಅದರ ಬಾಗಿಲ ಮೇಲೆ ಬೋರ್ಡ್ ಬೇಕು. ಪಾಲಕರಿಗೆ ಕೊಡಲು ಒಂದು ಪುಟದ ಕರಪತ್ರವೂ ಬೇಕು.

ವಿಷಯ ಇಷ್ಟೇ. ಪಾಠದ ವಿಡಿಯೊ, ಇಲ್ಲವೇ ಓದಲು ಒಂದೆರಡು ಪುಟ ಮುಂಚೆಯೇ ಕೊಟ್ಟಿರುತ್ತೇವೆ. ಹುಡುಗರು ನೋಡಿಕೊಂಡು ಬರುತ್ತಾರೆ. ಕ್ಲಾಸಿನಲ್ಲಿ ನಾನು ಉಪನ್ಯಾಸ ಕೊಡುವುದಿಲ್ಲ. ಅವರೇ ಗುಂಪಿನಲ್ಲಿ ಲೆಕ್ಕ ಬಿಡಿಸುತ್ತಾರೆ, ವಾದ ಮಾಡುತ್ತಾರೆ. ನಾನು ಬೆಂಚಿಂದ ಬೆಂಚಿಗೆ ಓಡಾಡುತ್ತೇನೆ.

‘ತಲೆಕೆಳಗಾದ ತರಗತಿ’ ಅಂದೆ. ಪ್ರಿನ್ಸಿಪಾಲರು ನಕ್ಕರು. ಕಟ್ಟಡ ಬಿದ್ದಿದೆ ಅಂದುಕೊಂಡಾರು, ಬೇಡಮ್ಮ ಅಂದರು. ‘ತಿರುವು ತರಗತಿ’ ಅಂದರೆ ಘಾಟಿ ರಸ್ತೆಯ ಬೋರ್ಡ್ ಥರ ಕಾಣುತ್ತದೆ. ಬೋರ್ಡಿನಲ್ಲಿ ಎರಡು ಪದಕ್ಕೆ ಜಾಗ. ಮೂರಾದರೆ ಅಕ್ಷರ ಸಣ್ಣ ಆಗುತ್ತವೆ. ನಾಳೆ ಸಂಜೆಯೊಳಗೆ ಹೇಳಿದರೆ ಉಪಕಾರ.

ಬಳ್ಳಾರಿ ಮೇಷ್ಟ್ರು ಬರೆದರು:

ಇದಕ್ಕೆ ಚರ್ಚೆಯೇ ಬೇಕಿಲ್ಲ ತಾಯಿ. ‘ಮಗುಚು’ ಇದೆ. ಹಳಗನ್ನಡದಲ್ಲಿ ‘ಮಗುೞ್’ ಎಂದರೆ ಹಿಂದಿರುಗು. ‘ಮಗುೞ್ಚು’ ಎಂದರೆ ಹಿಂದಿರುಗುವಂತೆ ಮಾಡು. ‘ಮಗುೞ್ದು’ ಎಂದರೆ ಮತ್ತೆ. ನಡುವಿನ ೞಕಾರ ಬಿದ್ದು ಈಗಿನ ‘ಮಗುಚು’ ಉಳಿಯಿತು. ಕವುಚಿ ಹಾಕುವುದು ಎಂಬುದು ಆಮೇಲೆ ಗಟ್ಟಿಯಾದ ಅರ್ಥ. ನಿಮ್ಮ ಪದ್ಧತಿಯಲ್ಲಿ ವಿದ್ಯಾರ್ಥಿ ಪಾಠಕ್ಕೆ ಮತ್ತೆ ಹಿಂದಿರುಗುತ್ತಾನೆ ಅಲ್ಲವೇ? ಧಾತುವೇ ಎಲ್ಲವನ್ನೂ ಹೇಳುತ್ತಿದೆ. ‘ಮಗುೞ್ಚುಗಲಿಕೆ’ ಎಂದು ಬರೆಸಿ. ೞ ಅಕ್ಷರ ಬಿಡಬೇಡಿ.

ಗಂಗಾವತಿ ಬರೆದದ್ದು:

ಸರ್, ೞ ಬರೆಯುವ ಪೇಂಟರ್ ಗಂಗಾವತಿಯಲ್ಲಂತೂ ಇಲ್ಲ. ಕೊಪ್ಪಳದಲ್ಲೂ ಇರಲಿಕ್ಕಿಲ್ಲ. ಬರೆದರೂ ಓದುವವರು ಬೇಕಲ್ಲ.

ಪೇಪರ್ ತೆಗೆದು ನೋಡಿ. ದೋಣಿ ಮಗುಚುತ್ತದೆ, ಲಾರಿ ಪಲ್ಟಿ ಹೊಡೆಯುತ್ತದೆ. ಎರಡರ ಕೆಳಗೂ ಸತ್ತವರ ಸಂಖ್ಯೆ ಇರುತ್ತದೆ. ಮೇಡಂ, ಸುಮ್ನೆ ‘ಫ್ಲಿಪ್ ಕ್ಲಾಸ್’ ಅಂತ ಬರೆಸಿ ಮುಗಿಸಿ. ಬೋರ್ಡು, ಬೆಂಚು, ಬಸ್ಸು, ಫೀಸು ಯಾವುದನ್ನು ಅನುವಾದ ಮಾಡಿದ್ದೀವಿ?

ಮಾನ್ವಿ ಬರೆದದ್ದು:

‘ವಿಪರ್ಯಸ್ತ ತರಗತಿ’. ವಿಪರ್ಯಸ್ತ ಎಂದರೆ ತಿರುವುಮುರುವಾದದ್ದು. ಉನ್ನತ ಶಿಕ್ಷಣದ ಪರಿಭಾಷೆಗೆ ಒಂದು ಗಾಂಭೀರ್ಯ ಬೇಕು. ‘ವಿದ್ಯಾರ್ಥಿ ಕೇಂದ್ರಿತ’ದ ಪಕ್ಕದಲ್ಲಿ ಕೂತರೆ ಹೊಂದುತ್ತದೆ. ಆಡುಮಾತನ್ನು ಕಾಲೇಜಿನ ಬಾಗಿಲಿಗೆ ತರುವುದು ಬೇಡ.

ಸಿಂಧನೂರು ಬರೆದದ್ದು:

ಆಡುಮಾತು ಬಾಗಿಲಿಗೆ ಬರಬಾರದಾ? ಕ್ಲಾಸಿನ ಒಳಗೆ ಹುಡುಗರು ಏನು ಮಾತಾಡುತ್ತಾರೆ ಅಂತ ಒಮ್ಮೆ ಕೇಳಿ ಸರ್.

ನಾನು ಅನುವಾದದ ಕೆಲಸ ಮಾಡುವವನು. ನಮ್ಮ ಕಡೆ ಇದಕ್ಕೆ ಪದ ಇದೆ: ‘ಹೊಳ್ಳಿಸು’. ಅವ್ವ ರೊಟ್ಟಿ ಹೊಳ್ಳಿಸಿ ಹಾಕುತ್ತಾಳೆ. ಮಗ್ಗಲು ಹೊಳ್ಳುತ್ತೇವೆ. ಊರಿಗೆ ಹೋದವನು ಹೊಳ್ಳಿ ಬರುತ್ತಾನೆ. ಇದು ‘ಹೊರಳು’ವೇ. ರಕಾರ ಪಕ್ಕದ ಳಕಾರದೊಳಗೆ ಸೇರಿಕೊಂಡಿದೆ. ಕೊರಳು ನಮ್ಮಲ್ಲಿ ಕೊಳ್ಳು. ಮರಳಿ ಎಂಬುದು ಮಳ್ಳಿ. ‘ಹೊಳ್ಳಿ ಮಳ್ಳಿ ಅದನ್ನೇ ಹೇಳಬ್ಯಾಡ’ ಅಂತೀವಲ್ಲ, ಆ ಜೋಡಿ ಪೂರ್ತಿ ಇದೇ ಸೂತ್ರದ್ದು. ಮೇಷ್ಟ್ರ ‘ಮಗುೞ್’ ಏನೇನು ಹೇಳುತ್ತದೋ ಅದನ್ನೆಲ್ಲ ‘ಹೊಳ್ಳು’ ಇವತ್ತಿಗೂ ಹೇಳುತ್ತಿದೆ, ಜೀವಂತ ಇದ್ದುಕೊಂಡು. ‘ಹೊಳ್ಳುಪಾಠ’ ಅಂತ ಬರೆಸಿ. ಒಂದೇ ಪದ, ಬೋರ್ಡಿನಲ್ಲಿ ಜಾಗ ಮಿಗುತ್ತದೆ.

ಬಳ್ಳಾರಿ ಮೇಷ್ಟ್ರು ಬರೆದರು:

‘ಹೊಳ್ಳು’ ಎಂದರೆ ಜೊಳ್ಳು ಎಂಬ ಅರ್ಥವೂ ಇದೆ. ಮೈಸೂರಿನವನು ‘ಹೊಳ್ಳುಪಾಠ’ ನೋಡಿದರೆ ಕಾಳಿಲ್ಲದ ಪಾಠ ಎಂದೇ ಓದುತ್ತಾನೆ. ಪ್ರಾಂತಭಾಷೆಗೆ ಇಷ್ಟು ಅವಸರ ಒಳ್ಳೆಯದಲ್ಲ.

ಅಚ್ಚಗನ್ನಡ ಬರೆದದ್ದು:

‘ಪಾಟ’ವೂ ಸಕ್ಕದದ್ದು, ಅಂದರೆ ಸಂಸ್ಕ್ರುತದ್ದು. ‘ವಿಪರ‍್ಯಸ್ತ’ದ ಬಗ್ಗೆ ಮಾತೇ ಬೇಡ. ‘ಕಲಿಮನೆ’ ಇದೆ, ‘ಕಲಿಗ’ ಇದೆ. ‘ವಿದ್ಯಾರ‍್ತಿ ಕೇಂದ್ರಿತ’ ಬಿಟ್ಟು ‘ಕಲಿಗ ನಡುವಣ ಕಲಿಸುವಿಕೆ’ ಅನ್ನಿ. ಬೋರ‍್ಡಿಗೆ ‘ಮಗುಚು ಕಲಿಮನೆ’. ಕನ್ನಡಕ್ಕೆ ಬೇಕಿಲ್ಲದ ಮಹಾಪ್ರಾಣ ಬಿಟ್ಟರೆ ಪೇಂಟರಿಗೂ ಬಣ್ಣ ಉಳಿತಾಯ.

ಮಾನ್ವಿ ಬರೆದದ್ದು:

‘ಕಲಿಗ ನಡುವಣ’ ಅಂದರೆ ಯಾರ ನಡು? ಸೊಂಟವೋ? ಇಂಥ ಪದ ಹುಟ್ಟಿಸುವ ಬದಲು ಇಂಗ್ಲಿಷನ್ನೇ ಉಳಿಸಿಕೊಳ್ಳುವುದು ಮೇಲು. ಸಂಸ್ಕೃತದ ಆಸರೆ ಬಿಟ್ಟ ಕನ್ನಡಕ್ಕೆ ಪರಿಭಾಷೆ ದಕ್ಕುವುದಿಲ್ಲ.

ಸಿಂಧನೂರು ಬರೆದದ್ದು:

ಮಾನ್ವಿ ಸರ್, ನೀವು ಕಾಯುತ್ತಿರುವ ‘ಕೇಂದ್ರ’ ಗ್ರೀಕಿನದು. ‘ಕೆಂಟ್ರಾನ್’ ಎಂಬುದು ಜ್ಯೋತಿಷದ ಜೊತೆ ಬಂದು ಸಂಸ್ಕೃತಕ್ಕೆ ಸೇರಿತು. ಸಂಸ್ಕೃತ ಸಾಲ ತಂದರೆ ಗಾಂಭೀರ್ಯ, ನಾವು ತಂದರೆ ದಾರಿದ್ರ್ಯ, ಹೌದಾ?

ಅಚ್ಚಗನ್ನಡದವರಿಗೂ ಒಂದು ಮಾತು. ರಾಯಚೂರು ನಿಜಾಮರ ಕೈಯಲ್ಲಿ 1948ರವರೆಗೆ ಇತ್ತು. ಬಳ್ಳಾರಿ 1953ರವರೆಗೆ ಮದ್ರಾಸಿನ ಜೊತೆ ಇತ್ತು. ಇಲ್ಲಿನ ಕಚೇರಿ ಮಾತು ಒಂದು ಕಡೆ ಉರ್ದುವಿನಿಂದ, ಇನ್ನೊಂದು ಕಡೆ ತೆಲುಗಿನಿಂದ ಬೆಳೆದದ್ದು. ಹುಡುಗ ಅರ್ಜಿ ಕೊಟ್ಟು ದಾಖಲಾಗುತ್ತಾನೆ, ಹಾಜರಿ ಹಾಕಿಸುತ್ತಾನೆ, ರಜೆ ಕೇಳುತ್ತಾನೆ. ನಾಲ್ಕೂ ಅರಬ್ಬಿ ಮೂಲದವು. ಇವನ್ನೆಲ್ಲ ಕಿತ್ತರೆ ಕಾಲೇಜಿಗೆ ಸೇರಲಿಕ್ಕೂ ಆಗುವುದಿಲ್ಲ, ಬಿಡಲಿಕ್ಕೂ ಆಗುವುದಿಲ್ಲ.

ಗಂಗಾವತಿ ಬರೆದದ್ದು:

ಅದಕ್ಕೇ ಹೇಳಿದ್ದು, ಫ್ಲಿಪ್ ಕ್ಲಾಸ್.

ಕೊಪ್ಪಳ ಮೇಡಂ ಬರೆದರು:

ಎಲ್ಲರಿಗೂ ಧನ್ಯವಾದ. ಆದರೆ ಎಲ್ಲರೂ ‘ಫ್ಲಿಪ್’ ಹಿಂದೆಯೇ ಓಡುತ್ತಿದ್ದೀರಿ. ಮಗುಚುವುದೋ ಹೊಳ್ಳಿಸುವುದೋ ಆಮೇಲೆ. ಹೊಳ್ಳುವುದು ಯಾವುದು? ಕೋಣೆಯಂತೂ ಅಲ್ಲ.

ಈ ಪದ್ಧತಿಗೆ ಹೆಸರುಗಳೇ ಬೇರೆ ಬೇರೆ ಇದ್ದವು. 2000ದಲ್ಲಿ ಲೇಜ್, ಪ್ಲಾಟ್ ಮತ್ತು ಟ್ರೆಗ್ಲಿಯ ಎಂಬ ಮೂವರು ನಮ್ಮ ಅರ್ಥಶಾಸ್ತ್ರದವರೇ ಇದರ ಬಗ್ಗೆ ಲೇಖನ ಬರೆದರು. ಅವರು ‘ಇನ್ವರ್ಟ್’ ಅಂದರು, ‘ಫ್ಲಿಪ್’ ಅನ್ನಲಿಲ್ಲ. ಅದಕ್ಕೂ ಮೊದಲು, 1990ರ ದಶಕದಲ್ಲಿ ಹಾರ್ವರ್ಡಿನ ಭೌತಶಾಸ್ತ್ರದ ಎರಿಕ್ ಮಜೂರ್ ಹುಡುಗರಿಗೆ ಮೊದಲೇ ಓದಿ ಬನ್ನಿ ಅನ್ನುತ್ತಿದ್ದರು. ಕ್ಲಾಸಿನಲ್ಲಿ ಒಂದು ಪ್ರಶ್ನೆ ಹಾಕುವುದು, ಎಲ್ಲರೂ ಉತ್ತರ ಆರಿಸುವುದು, ಪಕ್ಕದವರ ಜೊತೆ ವಾದ ಮಾಡುವುದು, ಮತ್ತೆ ಆರಿಸುವುದು. ಅವರು ಈ ಪದ್ಧತಿಗೆ ಇಟ್ಟ ಹೆಸರಿನಲ್ಲಿ ಮಗುಚುವ ಮಾತೇ ಇಲ್ಲ. ಜೊತೆಗಾರರಿಂದ ಕಲಿಕೆ ಅಂತ ಇದೆ. ‘ಫ್ಲಿಪ್’ ಮನೆಮಾತಾದದ್ದು 2007ರ ನಂತರ. ಅಮೆರಿಕದ ಕೊಲೊರಾಡೊದಲ್ಲಿ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಎಂಬ ಇಬ್ಬರು ಹೈಸ್ಕೂಲಿನ ರಸಾಯನಶಾಸ್ತ್ರ ಮೇಷ್ಟ್ರುಗಳಿಂದ. ಆಟೋಟಕ್ಕೆ ಅಂತ ಹುಡುಗರು ದೂರದ ಊರಿಗೆ ಹೋಗಿ ಕ್ಲಾಸ್ ತಪ್ಪಿಸಿಕೊಳ್ಳುತ್ತಿದ್ದರು. ಅವರಿಗಾಗಿ ಪಾಠ ರೆಕಾರ್ಡ್ ಮಾಡಿಟ್ಟರು. ಆಮೇಲೆ, ಎಲ್ಲರೂ ಅದನ್ನೇ ನೋಡಿ ಬಂದರೆ ಕ್ಲಾಸಿನ ಹೊತ್ತು ಉಳಿಯುತ್ತದಲ್ಲ ಅನ್ನಿಸಿತು.

ನಮ್ಮಲ್ಲಿ ಹುಡುಗರು ತಪ್ಪಿಸಿಕೊಳ್ಳುವುದು ಆಟಕ್ಕಲ್ಲ, ಹತ್ತಿ ಬಿಡಿಸುವುದಕ್ಕೆ, ಭತ್ತದ ನಾಟಿಗೆ. ಅದೊಂದು ಬಿಟ್ಟರೆ ಕಥೆ ಒಂದೇ.

ಹೊಳ್ಳುವುದು ಯಾವುದು ಅಂದರೆ, ಯಾವ ಕೆಲಸ ಎಲ್ಲಿ ಆಗಬೇಕು ಎಂಬುದು. ಶಿಕ್ಷಣತಜ್ಞ ಬ್ಲೂಮ್ 1956ರಲ್ಲಿ ಮಾಡಿದ ಕಲಿಕೆಯ ಮೆಟ್ಟಿಲುಗಳು ಬಿ.ಎಡ್. ಮಾಡಿದವರಿಗೆಲ್ಲ ಬಾಯಿಪಾಠ. ನೆನಪಿಡುವುದು, ತಿಳಿಯುವುದು ಕೆಳಗಿನ ಮೆಟ್ಟಿಲು. ಅದನ್ನು ಹುಡುಗ ಒಬ್ಬನೇ ಮಾಡಿಕೊಳ್ಳಬಲ್ಲ. ಬಳಸುವುದು, ಬಿಡಿಸಿ ನೋಡುವುದು ಮೇಲಿನವು. ಅಲ್ಲಿ ತೊಡರುತ್ತಾನೆ. ಹಳೆ ಪದ್ಧತಿಯಲ್ಲಿ ಸುಲಭದ್ದಕ್ಕೆ ಮೇಷ್ಟ್ರು ಎದುರಿಗೆ ಇರುತ್ತಾರೆ, ಕಷ್ಟದ್ದಕ್ಕೆ ಹುಡುಗ ಮನೆಯಲ್ಲಿ ಒಬ್ಬನೇ. ಅದನ್ನು ಅದಲುಬದಲು ಮಾಡಿದ್ದೇ ಈ ಸುಧಾರಣೆ.

ಇದನ್ನು ಹಿಡಿದುಕೊಂಡು ಕರಪತ್ರಕ್ಕೆ ‘ಮನೆಯಲ್ಲಿ ಪಾಠ, ಕ್ಲಾಸಿನಲ್ಲಿ ಮನೆಗೆಲಸ’ ಅಂತ ಬರೆದೆ. ಸಹೋದ್ಯೋಗಿ ಓದಿ ತಲೆ ಚಚ್ಚಿಕೊಂಡರು. ಮನೆಪಾಠ ಅಂದರೆ ಟ್ಯೂಷನ್. ಮನೆಗೆಲಸ ಅಂದರೆ ಪಾತ್ರೆ ತೊಳೆಯುವುದು. ಮೊದಲೇ ಹೆಣ್ಣುಮಕ್ಕಳ ಕೈಗೆ ಮನೆಯಲ್ಲಿ ಫೋನ್ ಸಿಗುವುದು ಕಷ್ಟ. ಇದು ಬೇರೆ! ನಿಜ ಹೇಳಬೇಕೆಂದರೆ ನಮ್ಮವರು ಮನೆಯಲ್ಲಿ ನೋಡುವುದೇ ಕಡಿಮೆ. ಹಳ್ಳಿಯಿಂದ ಬರುವ ಬಸ್ಸಿನಲ್ಲಿ ನೋಡುತ್ತಾರೆ. ಒಂದು ಫೋನಿಗೆ ಮೂರು ತಲೆ. ಹಾಗಾಗಿ ‘ಮನೆ’ ಎಂಬುದೇ ಹೆಸರಿನಲ್ಲಿ ಬೇಡ.

ಬಳ್ಳಾರಿ ಮೇಷ್ಟ್ರು ಬರೆದರು:

ಹುಡುಗನಿಂದ ಹುಡುಗ ಕಲಿಯುವುದಕ್ಕೆ ಹಾರ್ವರ್ಡಿನವರೆಗೆ ಯಾಕೆ ಹೋಗಬೇಕು? ಬಳ್ಳಾರಿಯಲ್ಲೇ ಸಿಗುತ್ತದೆ.

1823ರ ಆಗಸ್ಟಿನಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಕಳಿಸಿದ. ಗವರ್ನರ್ ಮನ್ರೊ ಕೇಳಿದ್ದ ಶಾಲೆಗಳ ಲೆಕ್ಕ ಅದು. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅಷ್ಟರಲ್ಲಿ 533 ಶಾಲೆ, 6,641 ಮಕ್ಕಳು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದಿನ ಪಾಠದವರು ಹಿಂದಿನ ಪಾಠದವರಿಗೆ ಕಲಿಸುತ್ತಿದ್ದರು. ಹಾಗೆ ಕಲಿಸುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಏರ್ಪಾಟನ್ನು ಇಂಗ್ಲೆಂಡಿನಲ್ಲಿ ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಸಾಹೇಬನೇ ಮೆಚ್ಚಿ ಬರೆದಿದ್ದಾನೆ.

ಆ ಶಾಲೆಗಳ ಅಯ್ಯಗಳು ಇದಕ್ಕೆ ಹೆಸರಿಡಲಿಲ್ಲ, ಬೋರ್ಡೂ ಹಾಕಲಿಲ್ಲ. ಈಗ ಹೆಸರಿಡುವುದಾದರೆ ಸಾವಿರ ವರ್ಷದ ಪದ ಇಡಿ ಎಂದಷ್ಟೇ ನನ್ನ ಮಾತು.

ಸಿಂಧನೂರು ಬರೆದದ್ದು:

ಮೇಷ್ಟ್ರೇ, ಅದೇ ವರದಿಯ ಇನ್ನರ್ಧ ಬಿಟ್ಟಿರಲ್ಲ. ಪುಸ್ತಕದ ಪದ್ಯದ ಭಾಷೆಯೇ ಬೇರೆ, ಆಡುವ ಭಾಷೆಯೇ ಬೇರೆ, ಹಾಗಾಗಿ ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆ ಅಂತಲೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಇನ್ನೂರು ವರ್ಷ ಆಯಿತು. ನೀವು ಇವತ್ತು ‘ಮಗುೞ್ಚುಗಲಿಕೆ’ ತಂದಿದ್ದೀರಿ.

ಮೇಡಂ ಹೇಳಿದ್ದು ಸರಿ. ‘ಹೊಳ್ಳುಪಾಠ’ ವಾಪಸ್ ತಗೊಂಡೆ. ಜೊಳ್ಳಿನ ಮಾತಿಗೆ ಅಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಹೊಳ್ಳಿಸಿದ್ದು ಕಾಣುವುದು ಮೇಷ್ಟ್ರಿಗೆ ಮಾತ್ರ. ಹಳೆ ಕ್ರಮ ಗೊತ್ತಿದ್ದವರಿಗೆ ಇದು ತಿರುಗಾಮುರುಗಾ. ಈ ವರ್ಷ ಸೇರಿದ ಹುಡುಗಿಗೆ ಇದೇ ಕ್ರಮ. ಅವಳಿಗೆ ಬೋರ್ಡ್ ಹೇಳಬೇಕಾದ್ದು ಒಂದೇ: ಓದಿಕೊಂಡು ಬಾ.

‘ಮುನ್ನೋದು’ ಅಂದರೆ ಹೇಗೆ? ಮುನ್ನುಡಿ, ಮುನ್ನೋಟ ಇದ್ದ ಹಾಗೆ. ‘ಮುನ್ನೋದು ತರಗತಿ’, ಎರಡು ಪದ. ತರಗತಿ ಇರಲಿ. ಅದು ಕೋಣೆಗಿಂತ ಜಾಸ್ತಿ ಅಲ್ಲಿ ಕೂತವರನ್ನೇ ಹೇಳುತ್ತದೆ.

ಮಾನ್ವಿ ಬರೆದದ್ದು:

ವಿಡಿಯೊ ನೋಡುವುದು ಓದು ಹೇಗಾಗುತ್ತದೆ? ಅವ್ಯಾಪ್ತಿ ದೋಷ, ಅಂದರೆ ಹೇಳಬೇಕಾದ್ದೆಲ್ಲ ಪದದೊಳಗೆ ಬರುವುದಿಲ್ಲ.

ಸಿಂಧನೂರು ಬರೆದದ್ದು:

‘ಮಗ ಏನು ಓದ್ತಿದ್ದಾನೆ?’ ಅಂತ ಕೇಳಿದರೆ ‘ಬಿಎಸ್ಸಿ’ ಅಂತೀವಿ. ಲ್ಯಾಬಿನಲ್ಲಿ ಗಾಜಿನ ಕೊಳವೆ ಹಿಡಿದಿದ್ದೂ ಅದರೊಳಗೇ ಬಂತು. ಕನ್ನಡದ ‘ಓದು’ ಪುಸ್ತಕಕ್ಕೆ ಅಂಟಿಕೊಂಡದ್ದಲ್ಲ ಸರ್.

ಅಚ್ಚಗನ್ನಡ ಬರೆದದ್ದು:

‘ಮುನ್ನೋದು’ ಒಪ್ಪಿಗೆ. ‘ತರಗತಿ’ಯ ‘ಗತಿ’ ಬಗ್ಗೆ ಇನ್ನೂ ಮಾತಿದೆ.

ಗಂಗಾವತಿ ಬರೆದದ್ದು:

ದೂರದಿಂದ ‘ಮುನ್ನೂರು ತರಗತಿ’ ಅಂತ ಓದುತ್ತಾರೆ. ಮುನ್ನೂರನೇ ರೂಂ ನಂಬರ್ ಅಂದುಕೊಳ್ಳುತ್ತಾರೆ. ನೋಡ್ತಾ ಇರಿ.

ಕೊಪ್ಪಳ ಮೇಡಂ ಬರೆದರು:

ನಮ್ಮ ರೂಂ ನಂಬರ್ 12, ಹಾಗಾಗಿ ಚಿಂತೆ ಇಲ್ಲ ಅಣ್ಣಾ.

ಬೋರ್ಡಿಗೆ ‘ಮುನ್ನೋದು ತರಗತಿ’ ಅಂತಲೇ ಕೊಟ್ಟೆ. ಪ್ರಿನ್ಸಿಪಾಲರು ಕೆಳಗೆ ಸಣ್ಣಕ್ಷರದಲ್ಲಿ ‘ಫ್ಲಿಪ್ಡ್ ಕ್ಲಾಸ್‌ರೂಂ’ ಇರಲಿ, ನ್ಯಾಕ್‌ನವರು ಹೊರಗಿನಿಂದ ಬರುತ್ತಾರೆ ಅಂದರು. ಸೇರಿಸಿದೆ. ಕರಪತ್ರದ ಮೊದಲ ಸಾಲು ಹೀಗಿದೆ: ‘ಪಾಠ ಮೊದಲೇ ನೋಡಿ ಬನ್ನಿ, ತೊಡಕು ಕ್ಲಾಸಿನಲ್ಲಿ ಬಿಡಿಸೋಣ.’ ಫೋನ್ ಇಲ್ಲದವರಿಗೆ ಲೈಬ್ರರಿಯ ಕಂಪ್ಯೂಟರ್ ಬೆಳಗ್ಗೆ ಕ್ಲಾಸಿಗೆ ಮುಂಚೆ ತೆರೆದಿರುತ್ತದೆ ಅಂತ ಎರಡನೇ ಸಾಲು. ನನ್ನ ಲೆಕ್ಕದಲ್ಲಿ ಅದೇ ಮುಖ್ಯದ ಸಾಲು. ‘ವಿದ್ಯಾರ್ಥಿ ಕೇಂದ್ರಿತ’ ಇದ್ದ ಹಾಗೇ ಇದೆ, ಗ್ರೀಕ್ ಸಮೇತ.

ಇನ್ನೊಂದು ಕೇಳಲಾ? ‘ಬ್ಲೆಂಡೆಡ್ ಲರ್ನಿಂಗ್’ಗೆ ಏನನ್ನೋಣ? 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕರಡು ಹೊರಡಿಸಿತ್ತಲ್ಲ, ಪ್ರತಿ ವಿಷಯದಲ್ಲಿ ಶೇ. 40ರವರೆಗೆ ಆನ್‌ಲೈನ್ ಕಲಿಸಬಹುದು ಅಂತ. ಅದರ ಬಗ್ಗೆಯೂ ಒಂದು ಬೋರ್ಡ್ ಬೇಕಂತೆ.

ಬಳ್ಳಾರಿ ಮೇಷ್ಟ್ರು ಬರೆದರು:

‘ಬೆರಕೆ’ ಎನ್ನಬೇಡಿ, ಬೈಗುಳವಾಗುತ್ತದೆ. ಹಳಗನ್ನಡದಲ್ಲಿ ‘ಬೆರಸು’ ಎಂಬುದಕ್ಕೆ ‘ಜೊತೆಗೂಡಿ’ ಎಂಬ ಅರ್ಥವಿದೆ. ಅದನ್ನು ಹಿಡಿದು ಹೊರಟರೆ

ಗಂಗಾವತಿ ಬರೆದದ್ದು:

ಸರ್, ದಯವಿಟ್ಟು ಅದಕ್ಕೆ ಬೇರೆ ಓಲೆ ಶುರು ಮಾಡಿ. ಇಲ್ಲಿ ಪೇಂಟರ್ ಮನೆಗೆ ಹೋಗಿ ಆಯ್ತು.